ಸಾವಿನ ಲೆಕ್ಕಕ್ಕೆ ಹೋದ ಶೀಸೆ

ಅಸುತಿಯಾ
ಮಂಗಳವಾರ, 15 ಫೆಬ್ರವರಿ 2011

ನನ್ನ ಮಕ್ಕಳ ತಂದೆ ಕ್ವಾಕು ಅನಾನೆಯವರಿಗೆ,

ಕ್ಷೇಮವೇ ಎಂದು ಕೇಳಿ ಕಾಗದ ಹಾಳು ಮಾಡುವುದಿಲ್ಲ. ನೀವು ಕ್ಷೇಮವಾಗಿದ್ದೀರಿ ಅನ್ನುವುದು ದಿನಾ ಸಂಜೆ ವಾಪಸು ಬರುವ ಬಟ್ಟಲು ನೋಡಿದರೇ ಗೊತ್ತಾಗುತ್ತದೆ. ಫುಫು ಮುದ್ದೆ ಖಾಲಿ, ಸಾರು ಖಾಲಿ, ಮೀನಿನ ಮುಳ್ಳು ಮಾತ್ರ ಅಂಚಿಗೆ ಒತ್ತರಿಸಿಟ್ಟಿರುತ್ತದೆ. ಅದರ ಜೊತೆಗೆ ದೂರು ಬೇರೆ. ಮೊನ್ನೆ ಬಟ್ಟಲು ತರಲು ಬಂದ ಅನಿಮಾಗೆ ಹೇಳಿ ಕಳಿಸಿದಿರಂತೆ: "ನಿಮ್ಮಮ್ಮನ ಕೈ ಯಾಕೋ ಕೆಟ್ಟಿದೆ ಮಗಳೇ, ಉಪ್ಪು ಜಾಸ್ತಿ, ತಾಳೆಹಣ್ಣಿನ ಸಾರು ನೀರು ನೀರು." ಮುನಿಸಿಕೊಂಡು ಹೋದ ಗಂಡಸಿಗೆ ಮನೆ ಬಾಗಿಲಿಗೇ ಊಟ ಕಳಿಸಿದರೆ ಅದಕ್ಕೂ ಕೊಂಕು! ಉಪ್ಪಿನ ವಿಷಯ ಕೊನೆಯಲ್ಲಿ ಬರೆಯುತ್ತೇನೆ. ಅದಕ್ಕಿಂತ ಮೊದಲು ಬರೆಯಬೇಕಾದ್ದು ಬೆಟ್ಟದಷ್ಟಿದೆ.

ಎರಡು ಬೀದಿ ಆಚೆ ಇರುವ ಗಂಡನಿಗೆ ಕಾಗದ ಬರೆಯುವ ಹೆಂಗಸು ಈ ಊರಿನಲ್ಲಿ ನಾನೊಬ್ಬಳೇ ಇರಬೇಕು. ಏನು ಮಾಡಲಿ? ನಿಮ್ಮ ಕಿವಿಗೆ ಒಂದು ಮಾತು ಮುಟ್ಟಬೇಕಾದರೆ ಕೂಗಬೇಕು. ಕೂಗಿದರೆ ಮೊದಲು ಕೇಳಿಸುವುದು ನಿಮ್ಮ ಅಕ್ಕ ಟಿವಾಗೆ, ಆಮೇಲೆ ಅವರ ಮಗ ಓಟೆಂಗನಿಗೆ, ಆಮೇಲೆ ಆ ಬೀದಿಯ ಮೇಕೆಗಳಿಗೆ. ಕಟ್ಟಕಡೆಗೆ ನಿಮಗೆ, ಅದೂ ಅರ್ಧ. ಟಿವಾಗೆ ಓದು ಬರುವುದಿಲ್ಲ ಅನ್ನುವುದೊಂದೇ ನನ್ನ ಪುಣ್ಯ. ಈ ಕಾಗದವನ್ನು ಬಟ್ಟಲಿಗೆ ಸುತ್ತುವ ಬಟ್ಟೆಯ ಒಳಮಡಿಕೆಯಲ್ಲಿ ಇಟ್ಟಿದ್ದೇನೆ. ಸಿಟ್ಟಿನ ಭರದಲ್ಲಿ ರೇಡಿಯೋ ನೆನಪಿಟ್ಟು ಒಯ್ದವರು ಕನ್ನಡಕ ಇಲ್ಲೇ ಬಿಟ್ಟು ಹೋಗಿದ್ದಿರಿ. ಅದನ್ನೂ ಜೊತೆಗೆ ಕಟ್ಟಿದ್ದೇನೆ. ಗಾಜು ಒರೆಸಿದ್ದೇನೆ. ಹಾಕಿಕೊಂಡು ಓದಿ.

ನಮಗೆ ಕಾಗದ ಹೊಸದೂ ಅಲ್ಲವಲ್ಲ. ನೀವು ಲಾಗೋಸಿನಲ್ಲಿ ಸಿಮೆಂಟು ಹೊರುತ್ತಿದ್ದ ವರ್ಷಗಳಲ್ಲಿ ನಾವು ಸಂಸಾರ ಮಾಡಿದ್ದೇ ಕಾಗದದಲ್ಲಿ. ಆಗ ನೂರಾರು ಮೈಲಿ ದೂರದಿಂದ ನಾನು ಬರೆದದ್ದೆಲ್ಲ ನಿಮಗೆ ಅರ್ಥವಾಗುತ್ತಿತ್ತು. ಈಗ ಎದುರಿಗೆ ನಿಂತು ಹೇಳಿದ್ದೂ ಅರ್ಥವಾಗದ ಹಾಗಾಗಿದೆ.

ವಿಷಯಕ್ಕೆ ಬರುತ್ತೇನೆ. ಭಾನುವಾರ ಅನಿಮಾ ಬೀಜ ಹೆಕ್ಕಲು ಹೊಳೆಬದಿಯ ಗೇರುತೋಟಕ್ಕೆ ಹೋಗಿದ್ದಳು. ಬುಟ್ಟಿ ತುಂಬುವ ಮೊದಲೇ ಓಡಿ ಬಂದಳು. ಮರಗಳ ಬೊಡ್ಡೆಗೆಲ್ಲ ಯಾರೋ ಕೆಂಪು ಬಣ್ಣ ಬಳಿದಿದ್ದಾರೆ. ಇಬ್ಬರು ಅಪರಿಚಿತರು ಟೇಪು ಹಿಡಿದು ಹೊಳೆದಂಡೆ ಅಳೆಯುತ್ತಿದ್ದಾರೆ. ನಡುವೆ ನಿಮ್ಮ ಅಳಿಯ ಓಟೆಂಗ್, ಬಿಳಿ ಬೂಟು ಹಾಕಿಕೊಂಡು, ನನ್ನ ಮರದ ಹಣ್ಣನ್ನೇ ಕಿತ್ತು ಚೀಪುತ್ತ ನಿಂತಿದ್ದಾನೆ. ಮರ ಉರುಳಿಸಿ, ಮಣ್ಣು ಸರಿಸಿ, ಕೆಳಗಿನ ಮರಳು ತೆಗೆದು ಕಟ್ಟಡ ಕಟ್ಟುವವರಿಗೆ ಸಾಗಿಸುತ್ತಾರಂತೆ. ಅನಿಮಾ ಕೇಳಿದ್ದಕ್ಕೆ ಅವನು ಹೇಳಿದ್ದು ಇಷ್ಟು: "ಶನಿವಾರ ಮಿಷನ್ ಬರತ್ತೆ ಕಣೆ. ಅಷ್ಟರಲ್ಲಿ ಬಿದ್ದಿರೋ ಬೀಜ ಆರಿಸ್ಕೋ, ನಾನೇನು ಬೇಡ ಅನ್ನಲ್ಲ. ಮಾವನ್ನ ಕೇಳಿದೀನಿ. ತಲೆ ಆಡಿಸಿದ್ರು."

ತಲೆ ಆಡಿಸಿದಿರಂತೆ! ಅಯ್ಯೋ, ನಿಮ್ಮ ಆ ತಲೆಗಿಷ್ಟು! ಕಿವಿ ಮಂದವಾದ ಮೇಲೆ ನೀವು ಯಾವುದಕ್ಕೆ ತಲೆ ಆಡಿಸಿಲ್ಲ? ಪಾದ್ರಿ ಬಂದು ಪ್ರಾರ್ಥನೆ ಮಾಡಿದರೂ ಆಡಿಸುತ್ತೀರಿ, ಔಷಧಿ ಮಾರುವವನು ಬಂದರೂ ಆಡಿಸುತ್ತೀರಿ, ರೇಡಿಯೋದಲ್ಲಿ ಬ್ಯಾಟರಿ ಸತ್ತಿದ್ದರೂ ಮುಂದೆ ಕೂತು ಆಡಿಸುತ್ತೀರಿ. ಕೇಳಿಸಲಿಲ್ಲ ಅಂತ ಬಾಯಿಬಿಟ್ಟು ಹೇಳಲು ನಿಮಗೆ ನಾಚಿಕೆ. ಆ ನಾಚಿಕೆಗೆ ಈಗ ನನ್ನ ಮರಗಳು ಬಲಿಯಾಗಬೇಕೇ? ಒಮ್ಮೆಯಾದರೂ ಆ ತಲೆಯನ್ನು ಅಡ್ಡ ಆಡಿಸಬಾರದೇ?

ಕಳೆದ ಹೆಗ್ಗೆಣಸಿನ ಹಬ್ಬದಲ್ಲೂ ಹೀಗೇ ಆಯಿತು. ನಿಮ್ಮ ಅಳಿಯ ಮೈಕು ಹಿಡಿದು ಊರಿನ ಚರಿತ್ರೆ ಹೇಳಿದ್ದು ನಿಮಗೆ ಕೇಳಿಸಿರಲಿಕ್ಕಿಲ್ಲ. ನಾನು ಹೇಳುತ್ತೇನೆ: "ಈ ಊರಿಗೆ ಮೊದ್ಲು ಕೋಕೋ ತಂದಿದ್ದು ನಮ್ಮ ಮನೆತನ. ಕೋಕೋ ಸುಟ್ಟುಹೋದ್ಮೇಲೆ ಗೇರು ತಂದು ಊರಿಗೆ ಅನ್ನ ಹಾಕಿದ್ದು ಯಾರು? ನಮ್ಮ ಮಾವ ಕ್ವಾಕು ಅನಾನೆ!" ಜನ ಚಪ್ಪಾಳೆ ಹೊಡೆದರು. ನೀವು ಎದ್ದು ನಿಂತು ಎಡಕ್ಕೂ ಬಲಕ್ಕೂ ಕೈ ಬೀಸಿದಿರಿ, ಮದುವಣಿಗನ ಹಾಗೆ. ನಾನು ಹೆಂಗಸರ ಸಾಲಿನಲ್ಲಿ ಕೂತು ಹಲ್ಲು ಕಚ್ಚಿದೆ. ಉತ್ತವನೊಬ್ಬ, ಬಿತ್ತಿದವನೊಬ್ಬ, ಚಪ್ಪಾಳೆ ತೆಗೆದುಕೊಂಡವನು ಇನ್ನೊಬ್ಬ.

ಚರಿತ್ರೆ ಬೇಕೇ ಚರಿತ್ರೆ? ನನ್ನಿಂದ ಕೇಳಿ. ಈ ಊರು ಕಟ್ಟಿದ್ದು ಒಬ್ಬ ಮುದುಕಿ. ದಕ್ಷಿಣದ ಯುದ್ಧದಿಂದ ತಪ್ಪಿಸಿಕೊಂಡು, ತಂಗಿಯ ಮಕ್ಕಳನ್ನು ಕಟ್ಟಿಕೊಂಡು, ಒಲೆಗುಂಡುಗಳನ್ನು ತಲೆಯ ಮೇಲೆ ಹೊತ್ತು ಬಂದ ಅಜ್ಜಿ ಬೆಮಾ. ಧೂಳುಗಾಳಿಯ ಕಾಲದಲ್ಲೂ ಬತ್ತದ ಹೊಳೆ ಕಂಡು, ಇಲ್ಲೇ ಅಂತ ಗುಂಡುಗಳನ್ನು ಇಳಿಸಿದಳು. ಅವಳ ಗಂಡ ಯಾರು ಅಂತ ಯಾರಿಗೂ ನೆನಪಿಲ್ಲ. ಪಾಪ, ಅವನೂ ತಲೆ ಆಡಿಸುತ್ತ ಕೂತಿದ್ದನೋ ಏನೋ. ಆಮೇಲೆ ಕೋಲಾ ಕಾಯಿಯ ಕಾಲ. ನನ್ನ ಅಜ್ಜಿಯ ಅಜ್ಜಿಯರು ಬುಟ್ಟಿ ಹೊತ್ತು ಕಿಂಟಾಂಪೋ ಸಂತೆಯವರೆಗೆ ನಡೆದು, ಉತ್ತರದಿಂದ ಕತ್ತೆ ಹೊಡೆದುಕೊಂಡು ಬಂದ ವ್ಯಾಪಾರಿಗಳಿಗೆ ಕೋಲಾ ಕೊಟ್ಟು ಉಪ್ಪು, ಬಟ್ಟೆ ತಂದರು. ಆಮೇಲೆ ಕೋಕೋ. ಅದನ್ನು ತಂದದ್ದು ನಿಮ್ಮ ಅಜ್ಜನೇ, ಒಪ್ಪಿದೆ. ನಾನು ಸುಳ್ಳು ಹೇಳುವವಳಲ್ಲ. ಆದರೆ ಕಾಯಿ ಒಡೆದು, ಬೀಜವನ್ನು ಬಾಳೆಎಲೆಯಲ್ಲಿ ಮುಚ್ಚಿ ಹುಳಿ ಬರಿಸಿ, ಚಾಪೆಯ ಮೇಲೆ ಹರಡಿ ಬಿಸಿಲಲ್ಲಿ ಕೈಯಾಡಿಸಿದವರು ಯಾರು? ಆ ಹಣದಲ್ಲಿ ಗಂಡಸರು ತಗಡಿನ ಮಾಡು ಹಾಕಿಸಿದರು, ಕೆಲವರು ಇನ್ನೊಂದು ಮದುವೆ ಮಾಡಿಕೊಂಡರು. ನೀವು ಮಾಡಿಕೊಳ್ಳಲಿಲ್ಲ. ಅದನ್ನೂ ಒಪ್ಪಿದೆ.

ಹೊಳೆಬದಿಯ ಆ ಕಾಡು ಕಡಿದದ್ದು ನೀವೇ. ಅನಿಮಾ ನನ್ನ ಹೊಟ್ಟೆಯಲ್ಲಿದ್ದಳು. ಊರ ಮುಖ್ಯಸ್ಥನಲ್ಲಿ ಕೇಳಿ ಆ ನೆಲ ಪಡೆದಿರಿ. ಪಡೆದ ದಿನ ಏನು ಮಾಡಿದಿರಿ ನೆನಪಿದೆಯೇ? ಹೊಸ ಬಟ್ಟೆ ಹೊದ್ದು, ಶೀಸೆಯನ್ನು ಬಲಗೈಯಲ್ಲಿ ಹಿಡಿದು, ಹಿರಿಯರ ಮುಂದೆ ಅಸೆದಾ, ಅಂದರೆ ಧನ್ಯವಾದದ ಕಾಣಿಕೆ, ಒಪ್ಪಿಸಿದಿರಿ. ಮನೆಗೆ ಬಂದು ನನಗೆ ಪಾಠ ಬೇರೆ ಹೇಳಿದಿರಿ: "ನೋಡೇ ಫ್ರೇಮಾ, ಕೊಟ್ಟವನು ಕೊಟ್ಟೆ ಅಂದ್ರೆ ಆಗಲ್ಲ. ಇಸ್ಕೊಂಡವನು ನಾಲ್ಕು ಜನರ ಮುಂದೆ ಧನ್ಯವಾದದ ಶೀಸೆ ಕೊಟ್ಟು, ಕೊಟ್ಟವನು ಅದನ್ನ ಕುಡಿದ ಮೇಲೇ ಅದು ಕೊಟ್ಟಂಗೆ. ಇಲ್ಲಾಂದ್ರೆ ಬರೀ ಗಾಳಿಮಾತು." ಆ ಪಾಠ ಹೇಳಿದ ಬಾಯಿ ಈಗ ಎಲ್ಲಿ ಹೋಯಿತು?

ನೀವು ಕೋಕೋ ಸಸಿ ನೆಟ್ಟು ಲಾಗೋಸಿಗೆ ಹೋದಿರಿ. ಸಸಿ ಮರವಾಯಿತು. ಆಮೇಲೆ ಆ ಕೆಟ್ಟ ವರ್ಷ ಬಂತು. ನೈಜೀರಿಯಾದವರು ದುಡಿಯಲು ಹೋದ ನಮ್ಮವರನ್ನೆಲ್ಲ ತಮ್ಮ ದೇಶದಿಂದ ಹೊರಗೆ ಹಾಕಿದರು. ನೀವು ಲಾರಿಯ ಮೇಲೆ, ಟೇಪ್ ರೆಕಾರ್ಡರ್ ತಬ್ಬಿಕೊಂಡು, ತುಟಿ ಒಡೆದುಕೊಂಡು ಬಂದಿಳಿದಿರಿ. ಆ ವಾರವೇ ಕಾಡಿಗೆ ಬೆಂಕಿ ಬಿತ್ತು. ಬಕೆಟ್ಟು, ಹಸಿ ಸೊಪ್ಪು ಹಿಡಿದು ಇಡೀ ಊರು ಓಡಿತು. ಏನು ಪ್ರಯೋಜನ? ಹೊಳೆಬದಿಯ ಕೋಕೋ ಮರಗಳೆಲ್ಲ ಕರಿ ಕಡ್ಡಿಗಳಾದವು. ನೀವು ಅದನ್ನು ಒಂದು ಸಲ ನೋಡಿದಿರಿ, ಮನೆಗೆ ಬಂದಿರಿ, ಗೋಡೆಗೆ ಮುಖ ಮಾಡಿ ಮಲಗಿದಿರಿ. ಮಳೆ ಬರುವವರೆಗೂ ಹಾಗೇ ಮಲಗಿದ್ದಿರಿ. ಅದಕ್ಕೆ ನಾನು ನಿಮ್ಮನ್ನು ಒಂದು ದಿನವೂ ಹಂಗಿಸಿಲ್ಲ. ಈಗಲೂ ಹಂಗಿಸುತ್ತಿಲ್ಲ, ಚರಿತ್ರೆ ಹೇಳುತ್ತಿದ್ದೇನೆ, ಅಷ್ಟೇ.

ಆ ವರ್ಷ ಊರಿನ ಎಲ್ಲರ ಕೊರಳ ಮೂಳೆ ಸರದ ಹಾಗೆ ಎದ್ದು ಕಾಣುತ್ತಿತ್ತು. ಕಾಡಿನ ಕಹಿಗೆಣಸು ಬೇಯಿಸಿ, ನೀರು ಚೆಲ್ಲಿ, ಮತ್ತೆ ಬೇಯಿಸಿ ಮಕ್ಕಳಿಗೆ ಹಾಕಿದೆ. ಬೂದಿಯಲ್ಲೇ ಮೆಕ್ಕೆಜೋಳ ಬಿತ್ತಿದೆ. ಟೆಚಿಮಾನ್ ಸಂತೆಗೆ ಹೋದವಳಿಗೆ ಗಡಿಯಾಚೆಯ ಒಬ್ಬ ವ್ಯಾಪಾರದ ಹೆಂಗಸು ಸಿಕ್ಕಳು. ಸೆರಗಿನ ಗಂಟಿನಲ್ಲಿ ಗೇರುಬೀಜ ಇಟ್ಟುಕೊಂಡಿದ್ದಳು. "ಇದು ಸುಟ್ಟ ನೆಲದಲ್ಲೂ ಬರತ್ತೆ ತಾಯಿ. ನೀರು ಕೇಳಲ್ಲ, ಗೊಬ್ಬರ ಕೇಳಲ್ಲ, ಗಂಡಸರನ್ನಂತೂ ಕೇಳೋದೇ ಇಲ್ಲ" ಅಂದಳು. ನನ್ನ ಒಳ್ಳೆಯ ತಲೆವಸ್ತ್ರ ಬಿಚ್ಚಿ ಅವಳಿಗೆ ಕೊಟ್ಟು ಬೀಜ ತಂದೆ. ಜೋಳದ ಸಾಲಿನ ನಡುವೆ ಊರಿದೆ.

ಊರು ಎಷ್ಟು ನಕ್ಕಿತು! "ಫ್ರೇಮಾ ಬಾವಲಿಗಳಿಗೆ ಅಂತ ತೋಟ ಹಾಕ್ತಿದಾಳೆ" ಅಂದವರು ನಿಮ್ಮ ಅಕ್ಕ. ಗೇರುಹಣ್ಣು ತಿಂದು ಹಾಲು ಕುಡಿದರೆ ಸತ್ತೇಹೋಗುತ್ತಾರೆ ಅಂತ ಹೆದರಿಸಿ ನನ್ನ ಮಕ್ಕಳ ಜೊತೆ ಯಾರನ್ನೂ ಆಡಲು ಬಿಡುತ್ತಿರಲಿಲ್ಲ. ಹಾಲು ಎಲ್ಲಿತ್ತು ಆ ವರ್ಷಗಳಲ್ಲಿ, ಕುಡಿದು ಸಾಯಲಿಕ್ಕೆ? ಆಮೇಲೆ ಬೀಜ ಕೊಳ್ಳುವ ಲಾರಿಗಳು ಬರತೊಡಗಿದ ಮೇಲೆ ಒಬ್ಬೊಬ್ಬರೇ ಹಿತ್ತಲ ಬಾಗಿಲಿಗೆ ಬಂದರು. "ಅಕ್ಕಾ, ಒಂದ್ ಬೊಗಸೆ ಬೀಜ ಕೊಡೆ." ಕೊಟ್ಟೆ. ಟಿವಾಗೂ ಕೊಟ್ಟೆ. ಇವತ್ತು ಈ ಊರಿನ ಸುತ್ತ ಎಲ್ಲಿ ನೋಡಿದರೂ ಗೇರು. ಶಾಲೆಯ ಹೊಸ ಕೋಣೆ, ಮಸೀದಿಯ ಬಾವಿ, ಓಟೆಂಗನ ಬಿಳಿ ಬೂಟು ಎಲ್ಲ ಆ ಬೊಗಸೆಯಿಂದ ಬಂದದ್ದು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅಂತಾರಲ್ಲ, ಹಾಗಾಯಿತು ನನ್ನ ಪಾಡು.

ಒಂದು ಮಾತು ಹೇಳಿಬಿಡುತ್ತೇನೆ. ಅಳಿಯಸಂತಾನದ ಕಟ್ಟಳೆಯನ್ನು ನಾನು ದೂರುತ್ತಿಲ್ಲ. ನಾನೂ ಅದರಲ್ಲೇ ಹುಟ್ಟಿ ಬೆಳೆದವಳು. ನಿಮ್ಮದಾಗಿ ಉಳಿದದ್ದು ನಿಮ್ಮ ಅಕ್ಕನ ಮಗನಿಗೆ, ನನ್ನದಾದದ್ದು ನನ್ನ ಹೆಣ್ಣುಮಕ್ಕಳಿಗೆ. ಸರಿಯೇ. ನಾನು ಕೇಳುವುದು ಇಷ್ಟೇ: ಆ ತೋಟ ನೀವು ನನಗೆ ಕೊಟ್ಟದ್ದು ಹೌದೋ ಅಲ್ಲವೋ?

ನಿಮ್ಮ ತಾಯಿಯ ಸಾವಿನ ದಿನ ನೆನಪು ಮಾಡಿಕೊಳ್ಳಿ. ಆಗಿನ್ನೂ ನಿಮ್ಮ ಕಿವಿ ಚೆನ್ನಾಗಿತ್ತು. ಮಣ್ಣು ಮಾಡಿ ಬಂದು ಎಲ್ಲರೂ ಶಾಮಿಯಾನದ ಕೆಳಗೆ ಕೂತಿದ್ದೆವು, ಕಪ್ಪು ಕೆಂಪು ಬಟ್ಟೆಯ ಸಮುದ್ರ. ನೀವು ಎದ್ದು ನಿಂತಿರಿ. "ನಮ್ಮಮ್ಮ ಹಾಸಿಗೆ ಹಿಡಿದ ಮೇಲೆ ಎತ್ತಿದ್ದು, ತೊಳೆದಿದ್ದು, ಉಣಿಸಿದ್ದು ಫ್ರೇಮಾ. ಹೊಳೆಬದಿ ತೋಟ ಇವತ್ತಿಂದ ಅವಳದ್ದು. ಎಲ್ಲರೂ ಕೇಳಿಸ್ಕೊಳ್ಳಿ" ಅಂದಿರಿ. ಎಲ್ಲರೂ ಕೇಳಿಸಿಕೊಂಡರು. ಮುಖ್ಯಸ್ಥನ ಪರವಾಗಿ ಮಾತಾಡುವ ಒಪೊಂಗ್ ತನ್ನ ಚಿನ್ನದ ತುದಿಯ ಕೋಲು ನೆಲಕ್ಕೆ ಕುಟ್ಟಿದ. ನನಗೆ ನೆಲವೇ ಕಾಣಲಿಲ್ಲ. ನೀವು ಹೇಳಿದ್ದ ಪಾಠ ನೆನಪಾಯಿತು, ಧನ್ಯವಾದವಿಲ್ಲದೆ ದಾನವಿಲ್ಲ. ಮನೆಗೆ ಓಡಿದೆ. ಪೆಟ್ಟಿಗೆಯಲ್ಲಿದ್ದ ಜಿನ್ನಿನ ಹಸಿರು ಶೀಸೆ ತೆಗೆದೆ, ಮೊಟ್ಟೆ ಇಡುತ್ತಿದ್ದ ಚುಕ್ಕೆ ಕೋಳಿಯ ಕಾಲು ಕಟ್ಟಿದೆ, ಓಡೋಡಿ ವಾಪಸು ಬಂದೆ.

ಶಾಮಿಯಾನದ ಬಾಯಲ್ಲೇ ನಿಂತಿದ್ದನಲ್ಲ ಮೈಕಿನ ಬಡು, ಸಾವಿಗೆ ಬಂದವರ ಕಾಣಿಕೆ ಕೂಗುವವನು. ನಾನು ಬಾಯಿ ತೆರೆಯುವ ಮೊದಲೇ ಕೈಯಿಂದ ಶೀಸೆ ಕಿತ್ತುಕೊಂಡ. "ಸೊಸೆ ಅಬೆನಾ ಫ್ರೇಮಾ! ಸತ್ತ ಅತ್ತೆಗೆ ಒಂದು ಶೀಸೆ ಜಿನ್! ಮೇಲೊಂದು ಜೀವಂತ ಕೋಳಿ! ಸೊಸೆ ಅಂದ್ರೆ ಹಿಂಗಿರ್ಬೇಕು ನೋಡ್ರಪ್ಪಾ!" ಡೋಲಿನವನು ಎರಡು ಪೆಟ್ಟು ಬಾರಿಸಿದ. ಜನ ಚಪ್ಪಾಳೆ ತಟ್ಟಿದರು. ಟಿವಾ ಬಂದು ಕೋಳಿಯನ್ನು ಕಂಕುಳಿಗೆ ಇರುಕಿಕೊಂಡು ನಡೆದೇಬಿಟ್ಟರು. ನಾನು ಬರಿಗೈಯಲ್ಲಿ ನಿಂತಿದ್ದೆ. ಏನು ಹೇಳಬೇಕಿತ್ತು ನಾನು? "ಅಯ್ಯಾ, ಅದು ಅತ್ತೆಗಲ್ಲ, ನನ್ನ ತೋಟಕ್ಕೆ, ವಾಪಸು ಕೊಡಿ" ಅಂತಲೇ? ಅತ್ತೆಯ ಗೋರಿಯ ಮಣ್ಣು ಇನ್ನೂ ಹಸಿ ಇರುವಾಗ ಹಾಗಂದ ಸೊಸೆಯನ್ನು ಈ ಊರು ಏಳು ತಲೆಮಾರು ಮರೆಯುತ್ತಿರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಆ ಸಂಜೆ ನಿಮಗೆ ಹೇಳಿದೆ, ಇನ್ನೊಂದು ಶೀಸೆ ತರುತ್ತೇನೆ, ನಾಳೆ ಹಿರಿಯರನ್ನು ಕರೆಯಿರಿ ಅಂತ. ನೀವು ನಕ್ಕಿರಿ. "ಹುಚ್ಚಿ! ನಿಂಗೂ ನಂಗೂ ನಡುವೆ ಎಂಥ ಅಸೆದಾ? ದಿನಾ ಬಟ್ಟಲು ತುಂಬಾ ಹಾಕ್ತೀಯಲ್ಲ, ಅದೇ ಸಾಕು." ಆಗ ಆ ಮಾತು ನನಗೆ ಸಿಹಿಯಾಗಿ ಕೇಳಿಸಿತು. ಆ ಸಿಹಿ ಈಗ ಗಂಟಲಿಗೆ ಸಿಕ್ಕಿಕೊಂಡಿದೆ.

ನಿನ್ನೆ ಒಪೊಂಗ್ ಮನೆಗೆ ಹೋಗಿ ಬಂದೆ. ಕೆಂಪು ಬಣ್ಣದ ಕತೆಯೆಲ್ಲ ಹೇಳಿದೆ. ಅವನು ಒಳ್ಳೆಯವನೇ, ಆದರೆ ಕಟ್ಟಳೆ ಬಿಟ್ಟು ಒಂದು ಹೆಜ್ಜೆ ಇಡುವವನಲ್ಲ. "ಅನಾನೆ ಕೊಟ್ಟೆ ಅಂದಿದ್ದು ನೆನಪಿದೆ ತಾಯಿ. ನೀವು ಶೀಸೆ ತಂದಿದ್ದೂ ನೆನಪಿದೆ. ಕೋಳೀನೂ ನೆನಪಿದೆ, ಚುಕ್ಕೆ ಚುಕ್ಕೆ ಇತ್ತು. ಆದ್ರೆ ಅದು ಸತ್ತವರ ಲೆಕ್ಕಕ್ಕೆ ಹೋಯ್ತಲ್ಲ! ಇಡೀ ಊರು ಕೇಳಿದೆ ಮೈಕಲ್ಲಿ" ಅಂದ. ನೋಡಿ ನನ್ನ ಹಣೆಬರಹ. ಯಾರಿಗೂ ನೆನಪಿಲ್ಲದಿದ್ದರೆ ಸುಳ್ಳಾದರೂ ಹೇಳಬಹುದಿತ್ತು. ಎಲ್ಲರಿಗೂ ನೆನಪಿದೆ, ತಪ್ಪಾಗಿ ನೆನಪಿದೆ!

ಶಾಲೆಯ ಮೇಷ್ಟ್ರು ಹೇಳುತ್ತಾರೆ, ಈಗ ಸರ್ಕಾರದ ಕಾನೂನಿದೆ, ಗಂಡ ಸತ್ತರೆ ಹೆಂಡತಿ ಮಕ್ಕಳಿಗೂ ಪಾಲು ಬರುತ್ತದೆ ಅಂತ. ಒಳ್ಳೆಯ ಕಾನೂನು, ವಿಧವೆಯರಿಗೆ. ನಾನು ವಿಧವೆಯಲ್ಲ, ಆಗುವ ಆಸೆಯೂ ಇಲ್ಲ, ಆಗುವ ಹಾಗೂ ಕಾಣುವುದಿಲ್ಲ. ಬದುಕಿರುವ ಗಂಡ ಕೂತು ತಲೆ ಆಡಿಸಿದರೆ ಅದಕ್ಕೆ ಯಾವ ಕಾನೂನಿದೆ?

ಇನ್ನು ನೀವು ಮನೆ ಬಿಟ್ಟ ಸಂಗತಿ. ಊರಿಗೆ ಅದು ಜಗಳ ಅಂತಲೇ ಗೊತ್ತಿಲ್ಲ. ಅರ್ಧ ಊರಿನ ಗಂಡಂದಿರು ತಮ್ಮ ತಾಯಿಮನೆಯಲ್ಲೇ ಮಲಗುತ್ತಾರೆ, ಹೆಂಡತಿಯರು ಸಂಜೆ ಬಟ್ಟಲು ಕಳಿಸುತ್ತಾರೆ. ಆದರೆ ನಮ್ಮ ಮನೆಯಲ್ಲಿ ನಲವತ್ತು ವರ್ಷ ಒಂದೇ ಒಲೆಯ ಮುಂದೆ ಕೂತವರು ನಾವು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತಾರೆ. ನಮ್ಮದರಲ್ಲಿ ಉಣ್ಣುವುದು ತಪ್ಪದೆ ನಡೆದಿದೆ, ಜಗಳ ಮಾತ್ರ ಮುಗಿದಿಲ್ಲ. ಊಟ ಮುಟ್ಟದೆ ಬಟ್ಟಲು ವಾಪಸು ಕಳಿಸು, ಅಲ್ಲಿಗೆ ಮದುವೆ ಮುರಿಯಿತು ಅಂತ ಟಿವಾ ನಿಮಗೆ ಎಷ್ಟು ಸಲ ಹೇಳಿದ್ದಾರೆ ಅನ್ನುವುದೂ ನನಗೆ ಗೊತ್ತು. ಅವರು ನಿಮಗೆ ಕೂಗಿ ಹೇಳಬೇಕಲ್ಲ, ನಮಗೂ ಕೇಳಿಸುತ್ತದೆ. ನೀವು ಅದೊಂದಕ್ಕೆ ತಲೆ ಆಡಿಸಲಿಲ್ಲ. ಅಷ್ಟು ಮಟ್ಟಿಗೆ ನಿಮ್ಮ ತಲೆಯ ಮೇಲೆ ನನಗಿನ್ನೂ ನಂಬಿಕೆ ಉಳಿದಿದೆ.

ಕಳೆದ ಮಳೆಗಾಲದ ಆ ಸಂಜೆ ನೀವು ಕಾಲು ಊದಿಕೊಂಡು ಆಸ್ಪತ್ರೆಯಿಂದ ಬಂದಿದ್ದಿರಿ. ನಾನು ಬಿಸಿನೀರು ಕೊಟ್ಟೆ, ಊಟ ಕೊಟ್ಟೆ, ಆಮೇಲೆ ಹೊಸ ಶೀಸೆ ತಂದು ಮುಂದಿಟ್ಟೆ. "ಈ ವಾರ ಹಿರಿಯರನ್ನ ಕರೆದು ಇದನ್ನ ಇಸ್ಕೊಂಡ್ಬಿಡಿ, ತಡ ಮಾಡೋದು ಬೇಡ" ಅಂದೆ. ಅಷ್ಟೇ ಅಂದದ್ದು. ನೀವು ಕೆಂಡ ತುಳಿದವರ ಹಾಗೆ ಎದ್ದಿರಿ. "ನನ್ನ ಹೆಣಕ್ಕೆ ಬಟ್ಟೆ ಅಳೀತಿದೀಯೇನೇ? ನಾನಿನ್ನೂ ಉಸಿರಾಡ್ತಿದೀನಿ!" ನಿಮ್ಮ ಕುಳಿತುಕೊಳ್ಳುವ ಮಣೆಯನ್ನು ಒಂದು ಕಂಕುಳಲ್ಲಿ, ರೇಡಿಯೋವನ್ನು ಇನ್ನೊಂದರಲ್ಲಿ ಇರುಕಿಕೊಂಡು ಕುಂಟುತ್ತ ಹೊರಟೇಬಿಟ್ಟಿರಿ. ನಾನು ಹಿಂದಿನಿಂದ ಕೂಗಿದೆ. ಕೇಳಿಸಲಿಲ್ಲ. ಕೇಳಿಸಿದ್ದರೂ ಕೇಳಿಸದ ಹಾಗೆ ಹೋದಿರೋ ಏನೋ, ನಿಮ್ಮ ಕಿವಿಯ ಮಹಿಮೆ ನಿಮಗೇ ಗೊತ್ತು. ಹೇಳಲು ಇನ್ನೊಂದು ಮಾತಿತ್ತು. ಅದು ಬಾಯಲ್ಲೇ ಉಳಿಯಿತು.

ಇರಲಿ. ಈಗ ಆಗಬೇಕಾದ್ದು ಹೇಳುತ್ತೇನೆ. ಬರುವ ಶುಕ್ರವಾರ ಭೂಮಿತಾಯಿಯ ದಿನ. ಯಾರೂ ಹೊಲಕ್ಕೆ ಹೋಗುವುದಿಲ್ಲ, ಹಾರೆ ಗುದ್ದಲಿ ಮುಟ್ಟುವುದಿಲ್ಲ, ಹಿರಿಯರೆಲ್ಲ ಊರಲ್ಲೇ ಇರುತ್ತಾರೆ. ಬೆಳಿಗ್ಗೆ ಒಪೊಂಗನ ಅಂಗಳದಲ್ಲಿ ಬೇವಿನ ಮರದ ಕೆಳಗೆ ಸೇರುತ್ತಾರೆ. ನಾನೂ ಶೀಸೆ ಹಿಡಿದು ಅಲ್ಲಿರುತ್ತೇನೆ. ನೀವು ಬರಬೇಕು. ನನ್ನ ಕೈಯಿಂದ ಶೀಸೆ ಇಸಿದುಕೊಳ್ಳಬೇಕು, ನೆಲಕ್ಕೆ ಒಂದು ಹನಿ ಹಾಕಬೇಕು, ಒಂದು ಗುಟುಕು ಕುಡಿದು ಉಳಿದದ್ದನ್ನು ಹಿರಿಯರಿಗೆ ದಾಟಿಸಬೇಕು. ಮುಗಿಯಿತು. ಆಮೇಲೆ ಯಾವ ಮಿಷನ್ನೂ ಹೊಳೆಬದಿಗೆ ಇಳಿಯುವುದಿಲ್ಲ ಅಂತ ಒಪೊಂಗ್ ನಿನ್ನೆ ಮಾತು ಕೊಟ್ಟಿದ್ದಾನೆ. ನೀವು ಬರದಿದ್ದರೆ ಶನಿವಾರ ಮರಗಳು ಉರುಳುತ್ತವೆ, ಹೊಳೆಯೂ ಹೋಗುತ್ತದೆ. ಅಜ್ಜಿ ಬೆಮಾ ಒಲೆಗುಂಡು ಇಳಿಸಿದ ದಂಡೆಯಲ್ಲಿ ಕೆಸರುಗುಂಡಿ ಉಳಿಯುತ್ತದೆ. ನನ್ನ ಮೂವರು ಹೆಣ್ಣುಮಕ್ಕಳು ಬೇರೆಯವರ ತೋಟದಲ್ಲಿ ಬೀಜ ಹೆಕ್ಕುತ್ತಾರೆ.

ಓಟೆಂಗ್ ಜೊತೆಗೆ ಬರುತ್ತೇನೆ ಅಂದರೆ ಬರಲಿ. ಟಿವಾ ಬರಲಿ. ಮೈಕಿನ ಬಡುವೊಬ್ಬ ಮಾತ್ರ ಬೇಡ. ಅವನನ್ನು ಶೀಸೆಯ ಹತ್ತಿರ ಬಿಡಬೇಡಿ ಅಂತ ಒಪೊಂಗನಿಗೂ ಹೇಳಿದ್ದೇನೆ. ಒಪೊಂಗ್ ನಿಮ್ಮನ್ನು ಏನಾದರೂ ಕೇಳಿದರೆ ಅವನ ತುಟಿ ನೋಡಬೇಡಿ, ನನ್ನ ಮುಖ ನೋಡಿ. ನಾನು ತಲೆ ಆಡಿಸಿದಾಗ ನೀವೂ ಆಡಿಸಿ. ಇಷ್ಟು ದಿನ ಕಂಡಕಂಡವರಿಗೆಲ್ಲ ಆಡಿಸಿದಿರಿ, ಒಂದು ಸಲ ನನಗಾಗಿ ಆಡಿಸಿ.

ಇಲ್ಲಿಗೆ ನಿಲ್ಲಿಸುತ್ತೇನೆ. ಸಿಟ್ಟು ಮುಗಿದಿಲ್ಲ, ಕಾಗದ ಮುಗಿಯಿತು.

ಸಿಟ್ಟಿನಲ್ಲೂ ನಿಮ್ಮ ಬಟ್ಟಲು ತಪ್ಪಿಸದ,
ಅಬೆನಾ ಫ್ರೇಮಾ

ಮ.ಬ.: ಉಪ್ಪಿನ ವಿಷಯ ಕೊನೆಯಲ್ಲಿ ಬರೆಯುತ್ತೇನೆ ಅಂದಿದ್ದೆನಲ್ಲ. ನಿಮ್ಮ ನಾಲಿಗೆ ಸುಳ್ಳು ಹೇಳಿಲ್ಲ. ಧೂಳುಗಾಳಿ ಶುರುವಾದಾಗಿನಿಂದ ಅಡುಗೆ ಮಾಡುತ್ತಿರುವುದು ಅನಿಮಾ. ನಾನು ಪಕ್ಕದಲ್ಲಿ ಚಾಪೆ ಹಾಸಿಕೊಂಡು ಹೇಳಿಕೊಡುತ್ತೇನೆ. ಒನಕೆ ಎತ್ತಲು ನನ್ನ ಕೈಲಿ ಆಗುವುದಿಲ್ಲ. ನಿನ್ನೆ ಒಪೊಂಗನ ಮನೆಗೂ ಅವಳ ತೋಳು ಹಿಡಿದೇ ಹೋಗಿದ್ದು. ಅವಳಿಗೆ ಬೈಯಬೇಡಿ, ಉಪ್ಪಿನ ಹದ ಕಲಿಯುತ್ತಿದ್ದಾಳೆ. ನೀವು ಆಸ್ಪತ್ರೆಗೆ ಹೋದ ವಾರವೇ ನಾನೂ ಅದೇ ಡಾಕ್ಟರ ಹತ್ತಿರ ಹೋಗಿದ್ದೆ. ನಿಮ್ಮ ಕಾಲಿಗೆ ಮಾತ್ರೆ ಕೊಟ್ಟರು. ನನ್ನ ಹೊಟ್ಟೆಯ ಗಡ್ಡೆಗೆ ಕೊಡಲು ಅವರ ಹತ್ತಿರ ಏನೂ ಇರಲಿಲ್ಲ. ಆ ಸಂಜೆ ಶೀಸೆ ಮುಂದಿಟ್ಟು ಹೇಳಹೊರಟಿದ್ದು ಇದನ್ನೇ, ನೀವು ಮಣೆ ಎತ್ತಿಕೊಂಡು ಹೊರಟಿರಿ. ಬಟ್ಟೆ ಅಳೆಯುತ್ತಿದ್ದದ್ದು ನಿಜ, ಆದರೆ ನಿಮ್ಮ ಹೆಣಕ್ಕಲ್ಲ. ನಾನು ಹೋದ ಮೇಲೆ ಅನಿಮಾ ಶೀಸೆ ತಂದು ಕೊಟ್ಟರೆ ನಡೆಯುವುದಿಲ್ಲವಂತೆ. ಕೊಟ್ಟದ್ದು ನನಗೆ, ಧನ್ಯವಾದ ಹೇಳಬೇಕಾದ ಬಾಯಿ ನನ್ನದೇ ಆಗಬೇಕಂತೆ. ಶುಕ್ರವಾರ ಬನ್ನಿ. ಈ ಶೀಸೆಯನ್ನೂ ಸಾವಿನ ಲೆಕ್ಕಕ್ಕೆ ಕೂಗಿಸಬೇಡಿ.